ಬಾಗಿಲ ಕೆಳಗಿನ ಗುಳ್ಳೆ

ಪ್ರಶ್ನೆ: ಅಪ್ಪ ಕೊಂಡಿದ್ದ 1984ರ ಅಂಬಾಸಿಡರ್ ಇದೆ. ಬಾಗಿಲ ಕೆಳಗೆ ಪೈಂಟ್ ಗುಳ್ಳೆ ಎದ್ದಿದೆ. ಉಜ್ಜಿ, ಪುಟ್ಟಿ ಹಾಕಿಸಿದರೆ ಸಾಕೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಸಾಲದು. ಅಲ್ಲಿ ಗುಳ್ಳೆ ಎದ್ದಿದ್ದರೆ ಹೆಚ್ಚಾಗಿ ತುಕ್ಕು ಒಳಗಿನಿಂದಲೇ ತಿನ್ನುತ್ತಾ ಬಂದಿರುತ್ತದೆ. ನೆಲದ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನ ತುದಿಯಿಂದ ಅಂಚನ್ನು ಒತ್ತಿ ನೋಡಿ. ತೂರಿತೋ, ಪುಟ್ಟಿಯ ಮಾತು ಬಿಡಿ. ಅಂಬಾಸಿಡರಿಗೆ ಲಾರಿಯಂತೆ ಭಾರ ಹೊರುವ ಬೇರೆ ಅಡಿಚೌಕಟ್ಟು (ಚಾಸಿ) ಇಲ್ಲ. ಬಾಗಿಲಡಿಯ ಆ ಟೊಳ್ಳು ಪಟ್ಟಿಯೂ ಭಾರ ಹೊರುತ್ತದೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸದನ್ನು ವೆಲ್ಡ್ ಮಾಡಿಸಿ. ಕತ್ತರಿಸುವ ಮೊದಲು ವೆಲ್ಡರ್ ಕಾರಿನ ಬಾಡಿಯ ಅಡಿಗೆ ಆಧಾರ ಕೊಡಲಿ. ಇಲ್ಲವಾದರೆ ಬಾಡಿ ಬಾಗಿ, ಮತ್ತೆ ಬಾಗಿಲು ಸರಿಯಾಗಿ ಕೂರುವುದಿಲ್ಲ.

ನಾನೂ ಹಿಂದೆ ನನ್ನ ಪದ್ಮಿನಿ ಕಾರಿಗೆ ಪುಟ್ಟಿ ಬಳಿಸಿದ್ದೆ. ಎರಡನೇ ಮಳೆಗಾಲಕ್ಕೆ ಅಂಗೈ ಅಗಲದ ತುಂಡು ಕಳಚಿ ಬಿತ್ತು. ಆ ಸಂಕಟ ನಿಮಗೆ ಬೇಡ.

ವೆಲ್ಡಿಂಗ್, ಪೈಂಟ್ ಮುಗಿದ ಮೇಲೆ ಟೊಳ್ಳುಗಳಿಗೆ ನಳಿಗೆ ಇಳಿಸಿ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಸಿ. ಬಾಗಿಲಡಿಯ ನೀರಿಳಿಯುವ ತೂತುಗಳನ್ನು ಪ್ರತಿ ಮೇ ತಿಂಗಳು ತಂತಿಯಿಂದ ಬಿಡಿಸಿ. ಕೆಂಪು ಮಣ್ಣು ಅಲ್ಲೇ ಕಟ್ಟುವುದು. ನಮ್ಮದು ಉಪ್ಪುಗಾಳಿಯ ಊರು. ಟಾರ್ಪಾಲು ಬಿಗಿದು ಹೊದೆಸಿದರೆ ಒಳಗೆ ತೇವ ನಿಲ್ಲುತ್ತದೆ, ಗಾಳಿಯಾಡುವ ಶೆಡ್ಡಿನಲ್ಲೇ ನಿಲ್ಲಿಸಿ.