ಅಣ್ವಸ್ತ್ರ ಪ್ರಯೋಗಿಸುವ ಆದೇಶವನ್ನು ಸೈನಿಕ ನಿರಾಕರಿಸಬಹುದೇ?

ಅಂಥ ಆದೇಶ ಬಂದಾಗ ಸೈನಿಕನಿಗೆ 'ಆಗುವುದಿಲ್ಲ' ಎನ್ನುವ ಹಕ್ಕಿದೆಯೇ, ಹಾಗೆಂದರೆ ಅದು ಶಿಸ್ತಿನ ಉಲ್ಲಂಘನೆಯೇ ಎಂದು ನೀವು ಕೇಳಿದ್ದೀರಿ. ನಾನು ಹದಿನೇಳು ವರ್ಷ ಭೂಸೇನೆಯಲ್ಲಿದ್ದು, ಈಗ ತೀರ್ಥಹಳ್ಳಿಯ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಅಣ್ವಸ್ತ್ರದ ಹತ್ತಿರ ಎಂದೂ ಕೆಲಸ ಮಾಡಿದವನಲ್ಲ. ಹುಕುಂ ಪಾಲಿಸುವುದು ಎಂದರೇನು ಎಂಬುದನ್ನು ಮಾತ್ರ ಬಲ್ಲೆ.

ರಾತ್ರಿ ಪಹರೆಯಲ್ಲಿ ಯಾರೇ ಬರಲಿ, 'ಥಮ್, ಕೌನ್ ಆತಾ ಹೈ' ಎಂದು ಕೂಗಿ ನಿಲ್ಲಿಸಬೇಕು. ಒಮ್ಮೆ ಸುರಿಯುವ ಮಳೆಯಲ್ಲಿ ನಮ್ಮ ಕಂಪನಿ ಕಮಾಂಡರನ್ನೇ ಕೈ ಮೇಲೆತ್ತಿಸಿ ನಿಲ್ಲಿಸಿದ್ದೆ. ಅವರ ರೇನ್‌ಕೋಟಿನ ತೋಳಿನೊಳಕ್ಕೆ ನೀರು ಇಳಿಯುತ್ತಿದ್ದುದು ಟಾರ್ಚಿನ ಬೆಳಕಿನಲ್ಲಿ ಕಾಣುತ್ತಿತ್ತು. ಪಾಸ್‌ವರ್ಡ್ ಹೇಳಿದ ಮೇಲೆಯೇ ಬಿಟ್ಟೆ. ಆದರೆ ಪಾಸ್‌ವರ್ಡ್ ಸರಿಯಿದ್ದಮೇಲೆ, ಇಷ್ಟು ಹೊತ್ತಿನಲ್ಲಿ ಬಂದದ್ದು ಏಕೆ ಎಂದು ಕೇಳುವ ಅಧಿಕಾರ ನನಗಿರಲಿಲ್ಲ.

ಕ್ಷಿಪಣಿಯ ಕೀಲಿ ಹಿಡಿದವನ ಸ್ಥಿತಿಯೂ ಇದೇ. ಅಮೆರಿಕದ ಮಿನಿಟ್‌ಮನ್ ಕ್ಷಿಪಣಿಗಳ ನೆಲಮಾಳಿಗೆಯಲ್ಲಿ ಇಬ್ಬರು ಅಧಿಕಾರಿಗಳಿರುತ್ತಾರೆ, ಇಬ್ಬರೂ ಒಟ್ಟಿಗೆ ಕೀಲಿ ತಿರುಗಿಸಬೇಕು, ಒಬ್ಬನ ಕೈಗೆ ಎರಡೂ ಎಟುಕದಂತೆ ಅವನ್ನು ದೂರ ದೂರ ಇಟ್ಟಿರುತ್ತಾರೆ. ಬಂದ ಸಂಕೇತ ತಾಳೆಯಾಗುತ್ತದೆಯೇ ಎಂದು ಅವರು ನೋಡುತ್ತಾರೆ. ಅಂದರೆ ಆದೇಶ ಅಸಲಿಯೇ ಎಂಬ ಪರೀಕ್ಷೆ ಇದೆ, ಆದೇಶ ಸರಿಯೇ ಎಂಬ ಪರೀಕ್ಷೆ ಇಲ್ಲ. 1973ರಲ್ಲಿ ಈ ಕೆಲಸದ ತರಬೇತಿಯಲ್ಲಿದ್ದ ಅಮೆರಿಕದ ವಾಯುಪಡೆಯ ಮೇಜರ್ ಹೆರಾಲ್ಡ್ ಹೆರಿಂಗ್, ತನಗೆ ಬರುವ ಆದೇಶ ಸ್ವಸ್ಥಚಿತ್ತದ ಅಧ್ಯಕ್ಷನಿಂದಲೇ ಬಂದದ್ದೆಂದು ತಿಳಿಯುವುದು ಹೇಗೆ ಎಂದು ಕೇಳಿದರು. ವಿಯೆಟ್ನಾಂನಲ್ಲಿ ಹೆಲಿಕಾಪ್ಟರಿನಲ್ಲಿ ಸೈನಿಕರನ್ನು ರಕ್ಷಿಸಿ ತಂದಿದ್ದ ಆ ಅಧಿಕಾರಿಯನ್ನು ಆ ಪ್ರಶ್ನೆಗಾಗಿ ಕೊನೆಗೆ ಸೇವೆಯಿಂದಲೇ ಹೊರಹಾಕಲಾಯಿತು. ಅದು ಅನ್ಯಾಯ ಎಂದು ನಾನು ಇಂದಿಗೂ ನಂಬುತ್ತೇನೆ.

ನಮ್ಮ 1950ರ ಸೇನಾ ಕಾಯಿದೆಯ 41ನೇ ಸೆಕ್ಷನ್ ಕೂಡ ಶಿಕ್ಷಿಸುವುದು 'ಕಾನೂನುಬದ್ಧ' ಆದೇಶವನ್ನು ಮೀರಿದವನನ್ನು. ಹಾಗಾಗಿ ಕಾಗದದ ಮೇಲೆ ನಿರಾಕರಣೆಗೆ ದಾರಿ ಇದೆ. ಆದರೆ ನೆಲದಡಿಯಲ್ಲಿ ಕುಳಿತವನಿಗೆ ಕೆಲವೇ ನಿಮಿಷಗಳು, ಹೊರಗೆ ಏನಾಗುತ್ತಿದೆ ಎಂಬುದರ ಅರಿವಿಲ್ಲ. ಯಾವುದು ಕಾನೂನುಬಾಹಿರ ಎಂದು ಅವನು ಯಾವ ಆಧಾರದಿಂದ ತೀರ್ಮಾನಿಸಬೇಕು? 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹಗಳು ಐದು ಅಮೆರಿಕನ್ ಕ್ಷಿಪಣಿಗಳು ಬರುತ್ತಿವೆ ಎಂದು ತೋರಿಸಿದಾಗ ಅದನ್ನು ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದ ಸೋವಿಯತ್ ಸೇನಾಧಿಕಾರಿ ಸ್ತಾನಿಸ್ಲಾವ್ ಪೆತ್ರೋವ್‌ಗೆ ಅದು ಸಾಧ್ಯವಾದದ್ದು, ಮಾಹಿತಿ ಅವರ ಕಣ್ಣೆದುರಿಗೇ ಇದ್ದುದರಿಂದ. ಯುದ್ಧ ಹೂಡುವವರು ಐದೇ ಕ್ಷಿಪಣಿ ಬಿಡುವುದಿಲ್ಲ ಎಂದು ಅವರು ಲೆಕ್ಕ ಹಾಕಿದರು.

ಆದ್ದರಿಂದ ನನ್ನ ಉತ್ತರ ಹೀಗಿದೆ: ಆದೇಶ ಹುಚ್ಚುತನದ್ದೆಂದು ನಿಶ್ಚಯವಾಗಿ ತಿಳಿದವನು ಕೀಲಿ ಮುಟ್ಟಬಾರದು, ಕೋರ್ಟ್ ಮಾರ್ಷಲ್ ಆದರೂ ಸರಿ. ಆದರೆ ಆ ಭಾರವನ್ನು ಕೆಳಗಿನವನ ಹೆಗಲಿಗೆ ಹಾಕಿ ಮೇಲಿನವರು ನಿಶ್ಚಿಂತರಾಗಬಾರದು. ಅಮೆರಿಕದಲ್ಲಿ ಆದೇಶಿಸುವ ಅಧಿಕಾರ ಅಧ್ಯಕ್ಷ ಒಬ್ಬರಿಗೇ ಇದೆ. ನಮ್ಮಲ್ಲಿ 2003ರ ಜನವರಿಯಲ್ಲಿ ಪ್ರಕಟಿಸಿದ ವ್ಯವಸ್ಥೆಯ ಪ್ರಕಾರ, ಪ್ರಧಾನಿಯ ಅಧ್ಯಕ್ಷತೆಯ ರಾಜಕೀಯ ಮಂಡಳಿ ಮಾತ್ರ ಅನುಮತಿ ಕೊಡಬಲ್ಲದು. ಆ ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರಾದರೂ ಹೆರಿಂಗ್ ಕೇಳಿದ್ದನ್ನು ಬಾಯಿಬಿಟ್ಟು ಕೇಳಬೇಕು, ಅವರ ಕೈಯಲ್ಲಿ ಮಾಹಿತಿಯೂ ಇರುತ್ತದೆ, ಮಾತಿಗೆ ಬೆಲೆಯೂ ಇರುತ್ತದೆ.