ಮುಕ್ತ ಪತನದ ಲೆಕ್ಕದಲ್ಲಿ ಯಾವಾಗ ಯಾವ ಸೂತ್ರ ಹಾಕಬೇಕು?

ಸೂತ್ರವೆಲ್ಲ ಬಾಯಿಪಾಠ ಇದ್ದರೂ ಉತ್ತರ ತಪ್ಪುತ್ತಿದೆ ಅಂದಿದ್ದೀರಿ. ಪಿಯುಸಿಯಲ್ಲಿ ನನ್ನದೂ ಇದೇ ಪಾಡು. ಆದರೆ ನೀವು ಕೇಳಬೇಕಾದ ಪ್ರಶ್ನೆ ಇದಲ್ಲ. ಎಡವುವುದು ಸೂತ್ರದಲ್ಲಲ್ಲ, ಪ್ಲಸ್ಸು ಮೈನಸ್ಸಿನಲ್ಲಿ.

ಸಿಇಟಿ ತಯಾರಿಯ ಟೆಸ್ಟಿನಲ್ಲಿ ನನಗೆ ಕೈಕೊಟ್ಟದ್ದು ಇಂಥದ್ದೇ ಲೆಕ್ಕ. ಬಸವನಗುಡಿಯ ಯಾವುದೋ ಅಪಾರ್ಟ್‌ಮೆಂಟಿನ ಟೆರೇಸ್ ಅಂದುಕೊಳ್ಳಿ, ಎತ್ತರ 20 ಮೀಟರ್. ಅಂಚಿನಿಂದ ಚೆಂಡನ್ನು ನೇರ ಮೇಲಕ್ಕೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಎಸೆದರೆ ನೆಲಕ್ಕೆ ಬೀಳಲು ಎಷ್ಟು ಹೊತ್ತು? ಜಿ, ಅಂದರೆ ಗುರುತ್ವದಿಂದ ಬರುವ ವೇಗೋತ್ಕರ್ಷ, 10.

ಕೊನೆಗೆ ಕೆಳಗೆ ತಾನೇ ಬರೋದು ಅಂತ ಜಿಗೆ ಪ್ಲಸ್ ಹಾಕಿದೆ, 20ಕ್ಕೂ ಪ್ಲಸ್. 15 ಇದ್ದ ಹಾಗೇ ಇತ್ತು. ಎಸ್ = ಯುಟಿ + ½ಜಿಟಿ² ಸೂತ್ರದಲ್ಲಿ (ಯು ಎಸೆದ ವೇಗ, ಟಿ ಸಮಯ, ಎಸ್ ಇಲ್ಲಿ 20) ಹಾಕಿದರೆ 20 = 15ಟಿ + 5ಟಿ², ಟಿ = 1. ಆಯ್ಕೆಗಳಲ್ಲೂ 1 ಇತ್ತು! ಅದು ಚೆಂಡನ್ನು ಕೆಳಕ್ಕೆ ಎಸೆದರೆ ಬರುವ ಉತ್ತರ. ಕೆಳಗನ್ನು ಪ್ಲಸ್ ಅಂದಮೇಲೆ ಮೇಲಕ್ಕೆ ಹೋಗುವ 15 ಮೈನಸ್ ಆಗಲೇಬೇಕಿತ್ತು. ಸುಮ್ಮನೆ ಕೈಬಿಟ್ಟ ಚೆಂಡಿಗೇ 20 ಮೀಟರ್ ಬೀಳಲು 2 ಸೆಕೆಂಡ್ ಬೇಕು. ಮೇಲೆ ಹೋಗಿ ಬರುವುದಕ್ಕೆ ಒಂದು ಸೆಕೆಂಡ್ ಸಾಲುತ್ತಾ?

ಸೂತ್ರ ಮುಟ್ಟುವ ಮೊದಲು ಹಾಳೆಯ ಮೂಲೆಯಲ್ಲಿ ಮೇಲ್ಮುಖದ ಒಂದು ಬಾಣ ಬರೆದು ಪಕ್ಕದಲ್ಲಿ ಪ್ಲಸ್ ಹಾಕಿ. ಲೆಕ್ಕ ಮುಗಿಯುವ ತನಕ ಅದನ್ನು ಬದಲಿಸಬೇಡಿ, ಚೆಂಡು ಇಳಿಯುವಾಗಲೂ ಸಹ. ಯು = +15, ಜಿ = −10. ಎಸ್ ಅಂದರೆ ಸ್ಥಾನಪಲ್ಲಟ (ಹೊರಟ ಜಾಗದಿಂದ ಕೊನೆಗೆ ಎಷ್ಟು ಮೇಲೆ ಅಥವಾ ಕೆಳಗಿದೆ ಅನ್ನುವುದು), ಸವೆಸಿದ ದಾರಿಯಲ್ಲ. ನೆಲ ಟೆರೇಸಿಗಿಂತ ಕೆಳಗಿದೆ, ಹಾಗಾಗಿ −20. ಈಗ −20 = 15ಟಿ − 5ಟಿ², ಅಂದರೆ ಟಿ² − 3ಟಿ − 4 = 0. ಟಿ = 4 ಅಥವಾ −1. ಉತ್ತರ 4 ಸೆಕೆಂಡ್.

ಆ −1 ಕೂಡ ಕಸವಲ್ಲ. ಇದೇ ಚೆಂಡನ್ನು ನೆಲದಿಂದಲೇ ಎಸೆದಿದ್ದರೆ ಒಂದು ಸೆಕೆಂಡ್ ಮೊದಲು, 25ರ ವೇಗದಲ್ಲಿ ಎಸೆಯಬೇಕಿತ್ತು. ಟೆರೇಸಿನ ಮಟ್ಟಕ್ಕೆ ಬರುವಷ್ಟರಲ್ಲಿ ವೇಗ ಸರಿಯಾಗಿ 15ಕ್ಕೆ ಇಳಿದಿರುತ್ತಿತ್ತು.

ನಂಬಿಕೆ ಬರದಿದ್ದರೆ ಎರಡು ತುಂಡು ಮಾಡಿ ತಾಳೆ ನೋಡಿ: 1.5 ಸೆಕೆಂಡಿನಲ್ಲಿ 11.25 ಮೀಟರ್ ಏರಿ ನಿಲ್ಲುತ್ತೆ, ಅಲ್ಲಿಂದ 31.25 ಮೀಟರ್ ಬೀಳಲು 2.5 ಸೆಕೆಂಡ್.

ಬೆಂಗಳೂರಿನಲ್ಲಿ ಜಿ ಸುಮಾರು 9.78. ಅದರ ತಲೆಬಿಸಿ ಬೇಡ, ಪ್ರಶ್ನೆಯಲ್ಲಿ ಕೊಟ್ಟದ್ದನ್ನೇ ಹಾಕಿ. ನೆಲ ಮುಟ್ಟಿದಾಗ ವಿ (ಕೊನೆಯ ವೇಗ) = 0 ಅಂತ ಮಾತ್ರ ಬರೆಯಬೇಡಿ. ನೆಲ ಚೆಂಡನ್ನು ತಡೆಯುವುದು ಆಮೇಲೆ. ಮುಟ್ಟುವ ಕ್ಷಣದಲ್ಲಿ ವಿ = 15 − 40 = −25, ಅಂದರೆ ಗಾಳಿಯ ತಡೆ ಬಿಟ್ಟರೆ ಗಂಟೆಗೆ 90 ಕಿಲೋಮೀಟರ್. ಟೆರೇಸಿನಿಂದ ಪ್ರಯೋಗ ಮಾಡಲು ಹೋಗಬೇಡಿ, ಕೆಳಗೆ ಸ್ಕೂಟರ್ ನಿಲ್ಲಿಸಿರುತ್ತಾರೆ.