ಗಾಡಿ ಸವಾಲು–ಜವಾಬು: ಹೊಸ ಕಾರಿನೊಳಗೆ ನೀರು ಬಂದದ್ದೆಲ್ಲಿಂದ?

ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೇ ಇನ್ನೂ ತೆಗೆದಿಲ್ಲ, ಆಗಲೇ ಕಾರಿನ ನೆಲ ತೊಯ್ದಿದೆ. ಮುಂಗಾರು ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಇದೇ ದೂರು ಹೆಚ್ಚು. ಈ ಸಲದ ಅಂಕಣವನ್ನು ಅದಕ್ಕೇ ಕೊಟ್ಟಿದ್ದೇವೆ.

ಐದು ತಿಂಗಳ ಹಿಂದೆ ಸನ್‌ರೂಫ್ ಇರುವ ಕಾರು ಕೊಂಡೆವು. ಜಿಟಿಜಿಟಿ ಮಳೆ ಶುರುವಾದಾಗಿನಿಂದ ಡ್ರೈವರ್ ಕಾಲಬುಡದ ಮ್ಯಾಟ್ ಕೆಳಗೆ ನೀರು, ಮುಂಗಾಜಿನ ಪಕ್ಕದ ಕಂಬದ ಮೇಲ್ತುದಿಯಲ್ಲಿ ಚಹಾ ಬಣ್ಣದ ಕಲೆ. ಮೂರು ಸಲ ಸರ್ವಿಸ್ ಸೆಂಟರಿಗೆ ಬಿಟ್ಟಿದ್ದಾಯಿತು. ಮೊದಲ ಸಲ ಒಣಗಿಸಿ ಕೊಟ್ಟರು, ಎರಡನೇ ಸಲ ರಬ್ಬರ್ ಬದಲಿಸಿದರು, ಮೂರನೇ ಸಲ ಗಾಜಿನ ಸುತ್ತ ಸಿಲಿಕಾನ್ ಬಳಿದರು. ನೀರು ನಿಂತಿಲ್ಲ. ಏನು ಮಾಡಬೇಕು?
– ಓದುಗರು, ಸಪ್ತಾಪುರ, ಧಾರವಾಡ

ಆ ಸಿಲಿಕಾನ್ ಬಳಿದದ್ದು ನೋಡಿದರೆ ಅವರು ನೀರಿನ ದಾರಿಯನ್ನು ಹುಡುಕಿಯೇ ಇಲ್ಲ ಅನ್ನಿಸುತ್ತದೆ. ಸನ್‌ರೂಫ್ ಗಾಜಿನ ಸುತ್ತಲಿನ ರಬ್ಬರ್ ನೀರನ್ನು ಪೂರ್ತಿ ತಡೆಯಲೆಂದು ಮಾಡಿದ್ದಲ್ಲ. ಸ್ವಲ್ಪ ನೀರು ಒಳಗೆ ಇಳಿಯುತ್ತದೆಂದು ಲೆಕ್ಕ ಹಾಕಿಯೇ ಗಾಜಿನ ಕೆಳಗೆ ಒಂದು ದೋಣಿ, ಸಾಮಾನ್ಯವಾಗಿ ಅದರ ನಾಲ್ಕು ಮೂಲೆಗೆ ನಾಲ್ಕು ಕೊಳವೆ ಇಟ್ಟಿರುತ್ತಾರೆ. ಮುಂದಿನ ಎರಡು ಕೊಳವೆಗಳು ಮುಂಗಾಜಿನ ಅಕ್ಕಪಕ್ಕದ ಕಂಬಗಳೊಳಗೆ ಇಳಿದು ಬಾಗಿಲ ಕೀಲಿನ ಹತ್ತಿರ ಅಥವಾ ಮುಂಗಾಲಿಯ ಮರೆಯಲ್ಲಿ ಹೊರಬೀಳುತ್ತವೆ. ಹಿಂದಿನ ಎರಡು ಹಿಂಗಂಬಗಳ ಮೂಲಕ ಹಿಂಗಾಲಿಯ ಆಸುಪಾಸು. ನಿಮ್ಮ ಕಲೆ ಇರುವುದು ಕೊಳವೆಯ ದಾರಿಯ ಮೇಲೇ. ಅಂದರೆ ಕೊಳವೆ ಕಟ್ಟಿದೆ, ಇಲ್ಲವೇ ಕಾರ್ಖಾನೆಯಲ್ಲಿ ಸರಿಯಾಗಿ ಕೂಡಿಸದೆ ಮೂತಿಯಿಂದ ಕಳಚಿದೆ. ಐದು ತಿಂಗಳ ಗಾಡಿಯಲ್ಲಿ ಎರಡನೆಯದನ್ನೇ ಮೊದಲು ಶಂಕಿಸಬೇಕು.

ಇದನ್ನು ನೀವೇ ಪರೀಕ್ಷಿಸಬಹುದು. ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಗಾಜು ಪೂರ್ತಿ ತೆರೆದು, ದೋಣಿಯ ಒಂದು ಮೂಲೆಗೆ ಸಣ್ಣ ಲೋಟದಿಂದ 100 ಮಿಲಿಲೀಟರ್ ನೀರನ್ನು ನಿಧಾನಕ್ಕೆ ಬಿಡಿ. ಇನ್ನೊಬ್ಬರು ಗಾಡಿಯ ಅದೇ ಮೂಲೆಯ ಕೆಳಗೆ ನೋಡುತ್ತಿರಲಿ. ಕೆಲವೇ ಸೆಕೆಂಡಿನಲ್ಲಿ ನೀರು ಹೊರಬಿದ್ದರೆ ಆ ಕೊಳವೆ ಸರಿ ಇದೆ. ನೀರು ದೋಣಿಯಲ್ಲೇ ನಿಂತರೆ ಕೊಳವೆ ಕಟ್ಟಿದೆ. ದೋಣಿ ಖಾಲಿಯಾಗಿಯೂ ಹೊರಗೆ ಏನೂ ಬೀಳದಿದ್ದರೆ ಕೊಳವೆ ಒಳಗೇ ಕಳಚಿದೆ ಅಥವಾ ಹರಿದಿದೆ. ತಕ್ಷಣ ಸುರಿಯುವುದನ್ನು ನಿಲ್ಲಿಸಿ, ಆ ನೀರು ಈಗ ನಿಮ್ಮ ಕಾರ್ಪೆಟ್ಟಿನಲ್ಲಿದೆ. ನಾಲ್ಕೂ ಮೂಲೆ ಪಾಸಾದರೆ ಮಾತ್ರ ಮುಂಗಾಜಿನ ಅಂಟು, ವೈಪರ್ ಕೆಳಗಿನ ಕಾಲುವೆ ಇವುಗಳ ಕಡೆ ನೋಡಿ.

ಕಟ್ಟಿದ್ದರೆ 2 ಮಿಲಿಮೀಟರ್ ದಪ್ಪದ ನೈಲಾನ್ ದಾರವನ್ನು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವಂಥದ್ದು, ತುದಿಯನ್ನು ಮೇಣದಬತ್ತಿಗೆ ಹಿಡಿದು ಗುಂಡಗೆ ಮಾಡಿಕೊಂಡು ಮೇಲಿನಿಂದ ಇಳಿಸಿ. ತಂತಿ ಬೇಡ, ಕೊಳವೆ ತೂತಾಗುತ್ತದೆ. ಕಂಪ್ರೆಸರ್ ಗಾಳಿ ಅಂತೂ ಬೇಡವೇ ಬೇಡ: ಒತ್ತಡಕ್ಕೆ ಕೊಳವೆ ಕಳಚಿ, ಅರ್ಧ ತಾಸಿನ ಕೆಲಸಕ್ಕೆ ಮೇಲ್ಛಾವಣಿಯ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ. ಕೊಳವೆಯ ಕೆಳತುದಿಯಲ್ಲಿ ಸೀಳು ಬಿಟ್ಟ ಒಂದು ರಬ್ಬರ್ ಬಾಯಿ ಇದ್ದರೆ ಅದನ್ನೂ ಬೆರಳಿನಿಂದ ಹಿಚುಕಿ ಬಿಡಿಸಿ. ನಮ್ಮ ಕಡೆ ಹೆಚ್ಚಾಗಿ ಕಟ್ಟುವುದು ಅಲ್ಲೇ. ಬೇಸಿಗೆಯ ದೂಳಿನಲ್ಲಿ ಕೂತ ಎರಿ ಮಣ್ಣು ಮೊದಲ ಮಳೆಯ ನೀರು ಕುಡಿದು ಉಬ್ಬಿ ಬಿರಡೆಯಾಗುತ್ತದೆ. ಗುಲ್‌ಮೊಹರ್, ಹುಣಸೆ ಮರದ ಕೆಳಗೆ ನಿಲ್ಲಿಸುವವರು ವರ್ಷಕ್ಕೆ ಎರಡು ಸಲವಾದರೂ ದೋಣಿ ಒರೆಸಬೇಕು. ಆ ಸಣ್ಣ ಎಲೆಗಳು ಎಲ್ಲಿ ಬೇಕಾದರೂ ನುಸುಳುತ್ತವೆ.

ಕೊಳವೆ ಕಳಚಿದ್ದರೆ ಕಂಬದ ಪ್ಲಾಸ್ಟಿಕ್ ಕವಚವನ್ನು ನೀವು ಕೀಳಬೇಡಿ. ಕರ್ಟನ್ ಏರ್‌ಬ್ಯಾಗ್ (ಅಪಘಾತದಲ್ಲಿ ಕಿಟಕಿಗುಂಟ ಉಬ್ಬುವ ಚೀಲ) ಇದ್ದರೆ ಅದು ಅದರ ಹಿಂದೆಯೇ ಇರುತ್ತದೆ. ಅದು ಸರ್ವಿಸ್ ಸೆಂಟರಿನ ಕೆಲಸ, ವಾರಂಟಿಯಲ್ಲೇ ಆಗಬೇಕಾದ ಕೆಲಸ. ಅಲ್ಲಿಗೆ ಹೋದಾಗ ಬಳಿದ ಸಿಲಿಕಾನನ್ನು ಕೆರೆದು ತೆಗೆಯಲೂ ಹೇಳಿ. ವಿನೆಗರ್ ವಾಸನೆ ಬರುವ ಅಗ್ಗದ ಜಾತಿಯದಾಗಿದ್ದರೆ ಅದರಿಂದ ಹೊರಡುವ ಆಮ್ಲ ಬರಿ ಲೋಹಕ್ಕೆ ತುಕ್ಕು ಹಿಡಿಸುತ್ತದೆ.

ಇನ್ನೊಂದು ಮಾತು, ಧಾರವಾಡದವರಿಗೆ ವಿಶೇಷವಾಗಿ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಪೂರಾ ಹೊರೆ ಮುಂದಿನ ಎರಡು ಕೊಳವೆಗಳ ಮೇಲೆ. ಮೂತಿ ಮೇಲಾದರೆ ಹಿಂದಿನವುಗಳ ಮೇಲೆ. ಮನೆ ಮುಂದೆ ಸೋರುವ ಗಾಡಿ ಸರ್ವಿಸ್ ಸೆಂಟರಿನ ಸಮನೆಲದಲ್ಲಿ ಸೋರದೆ ಇರುವುದು ಇದರಿಂದಲೇ. 'ನಮ್ಮಲ್ಲಿ ಏನೂ ಬರಲಿಲ್ಲ ಸರ್' ಅಂದರೆ ಅವರು ಸುಳ್ಳು ಹೇಳುತ್ತಿದ್ದಾರೆಂದೇ ಅಲ್ಲ. ಮನೆ ಮುಂದೆ ಗಾಡಿ ಹೇಗೆ ನಿಂತಿತ್ತೋ ಹಾಗೇ ವಾಲಿಸಿ ಪರೀಕ್ಷಿಸಲು ಕೇಳಿ.

ಸನ್‌ರೂಫ್ ಇಲ್ಲದ ಸಣ್ಣ ಕಾರು. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲಿ ಎರಡು ತಂಬಿಗೆ ನೀರು ನಿಂತಿತ್ತು. ಬ್ರೇಕ್ ಹಾಕಿದಾಗ ಗುಳುಗುಳು ಸಪ್ಪಳ. ಇಲ್ಲಿ ಮಳೆಯೇ ಕಡಿಮೆ, ನೀರು ಎಲ್ಲಿಂದ ಬರ್ತೈತಿ?
– ಓದುಗರು, ಬೆಟಗೇರಿ, ಗದಗ

ವಾಟರ್ ಸರ್ವಿಸಿಗೆ ಬಿಟ್ಟ ಮರುದಿನ ಕಾಣುತ್ತದೆಯೇ ನೋಡಿ. ಒತ್ತಡದ ನೀರನ್ನು ಅಂಚಿಗೆ ನೇರ ಹಿಡಿದರೆ ಗಟ್ಟಿಮುಟ್ಟಾದ ರಬ್ಬರೂ ಬಾಗಿ ನೀರು ಬಿಡುತ್ತದೆ; ಅದು ದೋಷವಲ್ಲ. ಸಾದಾ ಮಳೆಗೂ ಬಂದರೆ ದಾರಿ ನಾಲ್ಕು: ಹಿಂಬದಿ ದೀಪದ ಹಿಂದಿನ ಗ್ಯಾಸ್ಕೆಟ್, ಡಿಕ್ಕಿ ಬಾಗಿಲ ರಬ್ಬರ್, ಬಂಪರ್ ಮರೆಯಲ್ಲಿರುವ ಗಾಳಿ ಬಿಡುವ ಕಿಟಕಿ, ಮತ್ತು ತಗಡುಗಳ ಕೂಡಿಕೆಗೆ ಬಳಿದ ಸೀಲರ್. ಛಾವಣಿಯ ಆಂಟೆನಾ ಬುಡದಿಂದ ಇಳಿದ ನೀರೂ ಕೆಲವೊಮ್ಮೆ ಬಟ್ಟೆಯ ಒಳಮೈಗುಂಟ ಹಿಂದಕ್ಕೆ ಹರಿದು ಇಲ್ಲೇ ಸೇರುತ್ತದೆ. ನೀರು ನಿಂತ ಜಾಗ ಬೇರೆ, ಒಳಹೊಕ್ಕ ಜಾಗ ಬೇರೆ.

ಗದಗಿನವರಿಗೆ ಒಂದು ಅನುಕೂಲವಿದೆ: ದೂಳು. ನೀರು ನುಸುಳುವ ಸಂದಿಯಲ್ಲಿ ದೂಳೂ ನುಸುಳುತ್ತದೆ. ಮುಂಡರಗಿ ಕಡೆಯ ಹೊಲದ ದಾರಿಯಲ್ಲಿ ಒಂದು ಸುತ್ತು ಓಡಿಸಿ ಬಂದು, ತೊಳೆಯದೆ ಡಿಕ್ಕಿ ತೆರೆದು ನೋಡಿ. ರಬ್ಬರ್ ಸರಿಯಾಗಿ ಕೂತ ಕಡೆ ತಗಡಿನ ಮೇಲೆ ಅದರ ಅಚ್ಚು ಸ್ವಚ್ಛವಾಗಿರುತ್ತದೆ. ಕೂರದ ಕಡೆ ದೂಳು ಅಚ್ಚನ್ನು ದಾಟಿ ಒಳಗೆ ಬಾಲ ಎಳೆದಿರುತ್ತದೆ. ಅನುಮಾನ ಬಂದ ಕಡೆ ಹತ್ತು ರೂಪಾಯಿ ನೋಟು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ಒಂದೇ ಬಿಗಿ ಇರಬೇಕು, ಒಂದು ಕಡೆ ಸಲೀಸಾಗಿ ಬಂದರೆ ಅದೇ ಜಾಗ. ಇದಕ್ಕೆ ಹೊಸ ರಬ್ಬರೇ ಬೇಕೆಂದಿಲ್ಲ. ಬಾಗಿಲ ಚಿಲಕದ ಕೊಂಡಿಯನ್ನು ತುಸು ಸರಿಸಿ, ಎರಡು ಮೂಲೆಯ ರಬ್ಬರ್ ಗುಂಡಿಗಳನ್ನು ತಿರುಗಿಸಿ ಹೊಂದಿಸಿದರೆ ಎಷ್ಟೋ ಸಲ ಸಾಕಾಗುತ್ತದೆ.

ಇಷ್ಟಾದರೂ ಸಿಗದಿದ್ದರೆ ನೀರಿನ ಪರೀಕ್ಷೆ. ಗುಂಡಿ ಒರೆಸಿ ಒಣಗಿಸಿ, ಒಳಗಿನ ಕೂಡಿಕೆಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಒಬ್ಬರು ಬ್ಯಾಟರಿ ಹಿಡಿದು ಒಳಗೆ ಕೂತು ಡಿಕ್ಕಿ ಮುಚ್ಚಿಸಿಕೊಳ್ಳಲಿ (ಹಿಂದಿನ ಸೀಟು ಮಡಚಿರಿ). ಹೊರಗಿನವರು ನಳದ ಪೈಪಿನಿಂದ, ನಳಿಕೆ ಹಾಕದೆ, ಮೊದಲು ಬಂಪರ್ ಮಟ್ಟ, ಆಮೇಲೆ ದೀಪ, ಆಮೇಲೆ ಗಾಜು, ಕೊನೆಗೆ ಛಾವಣಿ ಹೀಗೆ ಕೆಳಗಿನಿಂದ ಮೇಲಕ್ಕೆ ಒಂದೊಂದು ಕಡೆ ಮೂರು ನಿಮಿಷ ನೀರು ಬಿಡಲಿ. ಮೇಲಿನಿಂದ ಶುರು ಮಾಡಿದರೆ ಎಲ್ಲಾ ಕಡೆ ಒಟ್ಟಿಗೆ ತೊಯ್ದು ಏನೂ ತಿಳಿಯದು. ಪೌಡರಿನಲ್ಲಿ ಗೆರೆ ಮೂಡಿದಲ್ಲಿಂದ ಮೇಲಕ್ಕೆ ಹುಡುಕಿ. ಗೆರೆ ತಗಡಿನ ಕೂಡಿಕೆಯಿಂದಲೇ ಹೊರಟರೆ ಸೀಲರ್ ಬಿಟ್ಟುಹೋಗಿದೆ. ಅದು ಕಾರ್ಖಾನೆಯ ತಪ್ಪು, ಫೋಟೋ ತೆಗೆದಿಟ್ಟುಕೊಳ್ಳಿ.

ಗುಂಡಿಯ ತಳದ ರಬ್ಬರ್ ಬಿರಡೆ ತೆಗೆದು ನೀರು ಹರಿಸಬಹುದು. ಆದರೆ 'ಬರಲಿ, ಹೋಗಲಿ' ಎಂದು ಅದನ್ನು ತೆಗೆದೇ ಇಡಬೇಡಿ, ಗಾಲಿ ಎರಚುವ ಕೆಸರು ಅಲ್ಲಿಂದಲೇ ಮೇಲೇರುತ್ತದೆ.

ಮಳೆ ಇಲ್ಲದ ದಿನವೂ ಎಡಗಡೆ ಮುಂದಿನ ಕಾಲಬುಡ ಒದ್ದೆ. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಹೋಗಿ ಬಂದರೆ ಕಾರ್ಪೆಟ್ ಹಿಂಡಬಹುದು.
– ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ

ಎ.ಸಿ. ನೀರು. ತಂಪಾದ ಕಾಯಿಲ್ ಮೇಲೆ ಕೂಡುವ ಹನಿ ಒಂದು ರಬ್ಬರ್ ಕೊಳವೆಯಿಂದ ಗಾಡಿಯ ಕೆಳಗೆ ಬೀಳಬೇಕು. ಕೊಳವೆ ಕಟ್ಟಿದೆ ಅಥವಾ ಅದರ ತುದಿ ಮ್ಯಾಟ್ ಕೆಳಗೇ ಜಾರಿದೆ. ಎ.ಸಿ. ಹಾಕಿ ಇಪ್ಪತ್ತು ನಿಮಿಷ ಬಿಟ್ಟು ಕೆಳಗೆ ನೋಡಿ, ಈ ಸೆಕೆಯಲ್ಲಿ ಹನಿ ಬೀಳದಿದ್ದರೆ ಖಾತ್ರಿ. ಒಂದೇ ಎಚ್ಚರಿಕೆ: ನೀರು ಬೆರಳಿಗೆ ಜಿಡ್ಡು ಹತ್ತಿ ಸಿಹಿ ವಾಸನೆ ಬಂದರೆ, ಮುಂಗಾಜಿನ ಒಳಮೈ ಮಂಜಾಗುತ್ತಿದ್ದರೆ ಅದು ಕೂಲಂಟ್ (ಎಂಜಿನ್ ತಣಿಸುವ ದ್ರವ), ಹೀಟರ್ ಸೋರುತ್ತಿದೆ. ಕೂಲಂಟ್ ಡಬ್ಬಿಯ ಮಟ್ಟ ನೋಡಿ, ಇಳಿದಿದ್ದರೆ ಓಡಿಸುವುದು ನಿಲ್ಲಿಸಿ.

ಹೊರಗಿನ ಅಂಗಡಿಯಲ್ಲಿ ಸ್ಪೀಕರ್ ಹಾಕಿಸಿದ ಮೇಲೆ ಹಿಂದಿನ ಎರಡೂ ಬಾಗಿಲ ಕೆಳಗೆ ನೀರು. ಕಂಪನಿಯವರು ವಾರಂಟಿ ಇಲ್ಲ ಅನ್ನುತ್ತಾರೆ.
– ಓದುಗರು, ರಾಣೆಬೆನ್ನೂರು

ಈ ಒಂದು ವಿಷಯದಲ್ಲಿ ಕಂಪನಿಯವರ ಮಾತು ಸರಿ. ಕಿಟಕಿ ಗಾಜಿನ ಗುಂಟ ಬಾಗಿಲೊಳಗೆ ನೀರು ಇಳಿಯುವುದು ಸಹಜ, ತಳದ ರಂಧ್ರಗಳಿಂದ ಅದು ಹೊರಹೋಗುತ್ತದೆ. ಅದು ನಿಮ್ಮ ಕಡೆ ಬಾರದಂತೆ ತಡೆಯುವುದು ಬಾಗಿಲ ಒಳಮೈಗೆ ಕಪ್ಪು ಬ್ಯುಟೈಲ್ ಅಂಟಿನಿಂದ ಅಂಟಿಸಿದ ತೆಳ್ಳನೆ ಹಾಳೆ. ಸ್ಪೀಕರ್ ಹಾಕುವವರು ಅದನ್ನು ಕೊಯ್ದು, ಮತ್ತೆ ಬರಿ ಒತ್ತಿ ಬಿಡುತ್ತಾರೆ. ಪ್ಯಾನಲ್ ಬಿಚ್ಚಿಸಿ, ಹರಿದಿದ್ದರೆ ಹೊಸ ಹಾಳೆ, ಇಲ್ಲದಿದ್ದರೆ ಹೊಸ ಬ್ಯುಟೈಲ್ ಪಟ್ಟಿ ಹಾಕಿಸಿ. ಸೆಲ್ಲೊಟೇಪು ಒಂದು ಮಳೆಗೂ ಬಾಳದು. ಹಾಳೆಯ ಕೆಳ ಅಂಚಿಗೆ ಎಲ್ಲೂ ಸಂದಿ ಉಳಿಯಬಾರದು. ಆಂಪ್ಲಿಫೈಯರ್ ವೈರನ್ನು ಎಂಜಿನ್ ಕಡೆಯಿಂದ ತಂದಿದ್ದರೆ ಅದು ಹಾದುಬರುವ ರಬ್ಬರ್ ಗ್ರಾಮೆಟ್ ಸೀಳಿದ್ದಾರೆಯೇ ಎಂದೂ ನೋಡಿ.

ಸೋರಿಕೆ ನಿಂತಿದೆ. ಆದರೆ ಬೂಷ್ಟು ವಾಸನೆ ಹೋಗುತ್ತಿಲ್ಲ.
– ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಮೇಲಿನ ಕಾರ್ಪೆಟ್ ಮುಟ್ಟಿ ಒಣಗಿದೆ ಅಂದುಕೊಂಡಿದ್ದೀರಿ. ಅದರ ಕೆಳಗಿನ ಫೋಮ್ ಸ್ಪಂಜಿನ ಹಾಗೆ ಲೀಟರುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಬಾಗಿಲು ತೆರೆದು ಬಿಸಿಲಿಗಿಟ್ಟರೆ ತಿಂಗಳಾದರೂ ಒಣಗದು. ಹೊಸ್ತಿಲ ಪಟ್ಟಿ ಬಿಚ್ಚಿ, ಕಾರ್ಪೆಟ್ ಎತ್ತಿ, ಕೆಳಗೆ ಕಟ್ಟಿಗೆ ತುಂಡು ಕೊಟ್ಟು, ವೆಟ್ ವ್ಯಾಕ್ಯೂಮಿನಿಂದ ಹೀರಿಸಿ, ಎರಡು ದಿನ ಫ್ಯಾನ್ ಗಾಳಿ ಕೊಡಬೇಕು. ಸೀಟು ಬಿಚ್ಚಬೇಕಾದರೆ ಸರ್ವಿಸ್ ಸೆಂಟರೇ ಸರಿ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ಅಲ್ಲಿನ ವೈರಿನ ತುದಿಗಳಲ್ಲಿ ಹಸಿರು ಹುಡಿ ಕಂಡರೆ ತೋರಿಸಿ ಬರೆಸಿಕೊಳ್ಳಿ. ಮುಂದೆ ಆರು ತಿಂಗಳಿಗೆ ಕಾರಣವಿಲ್ಲದೆ ಏರ್‌ಬ್ಯಾಗ್ ದೀಪ ಹತ್ತುವುದು ಅದರಿಂದಲೇ. ಸುಗಂಧದ ಡಬ್ಬಿ ಇಟ್ಟರೆ ಬೂಷ್ಟಿನ ಮೇಲೆ ಮಲ್ಲಿಗೆ ವಾಸನೆ ಕೂಡುತ್ತದೆ, ಅಷ್ಟೇ.

14 ಲಕ್ಷದ ಕಾರು, ಎಂಟು ತಿಂಗಳಲ್ಲಿ ಐದು ಸಲ ನೀರಿನ ದೂರು. ಬದಲಿ ಕಾರು ಕೇಳಿದರೆ 'ಕಂಪನಿಗೆ ಬರೆಯಿರಿ' ಅನ್ನುತ್ತಾರೆ. ಗ್ರಾಹಕರ ಆಯೋಗಕ್ಕೆ ಹೋದರೆ ಆಗುತ್ತದೆಯೇ?
– ಓದುಗರು, ನವನಗರ, ಹುಬ್ಬಳ್ಳಿ

ಮೊದಲು ನಿಮ್ಮ ಐದು ಜಾಬ್ ಕಾರ್ಡ್ (ಗಾಡಿ ಬಿಟ್ಟಾಗ ಸರ್ವಿಸ್ ಸೆಂಟರಿನವರು ದೂರು ಬರೆದುಕೊಳ್ಳುವ ಹಾಳೆ) ತೆಗೆದು ಓದಿ. 'ಜನರಲ್ ಚೆಕಪ್', 'ವಾಷಿಂಗ್' ಎಂದಷ್ಟೇ ಇದ್ದರೆ ಕಾಗದದ ಲೆಕ್ಕದಲ್ಲಿ ನಿಮ್ಮ ಕಾರು ಒಮ್ಮೆಯೂ ಸೋರಿಲ್ಲ. ಮುಂದಿನ ಸಲ ಸಹಿ ಹಾಕುವ ಮುಂಚೆ, 'ಮಳೆಯಲ್ಲಿ ಬಲ ಮುಂಭಾಗದ ನೆಲಕ್ಕೆ ನೀರು ಬರುತ್ತಿದೆ, ಇದು ಆರನೇ ದೂರು' ಎಂದು ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಪಡೆಯಿರಿ. ಕೊಡುವಾಗ ಕಾರಣವೇನು, ಏನು ಬದಲಿಸಿದರು ಎಂದು ಬರೆಸಿ. ತೊಯ್ದ ನೆಲದ ವಿಡಿಯೋವನ್ನು ದಿನಾಂಕ ಉಳಿಯುವಂತೆ ಇಮೇಲ್ ಮಾಡಿ. ಆಮೇಲೆ ಡೀಲರ್, ತಯಾರಕರು ಇಬ್ಬರಿಗೂ 15 ದಿನದ ನೋಟಿಸ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ದಾಖಲಿಸಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ ಸಾಕು, ನಿಮಗೆ ಅದು ಧಾರವಾಡದಲ್ಲಿದೆ. 10ರಿಂದ 20 ಲಕ್ಷದ ವಸ್ತುವಿಗೆ ಶುಲ್ಕ 400 ರೂಪಾಯಿ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು.

ಗೆಲ್ಲುವ ಮಾತಿಗೆ ಬಂದರೆ, ಹೊಸ ಕಾರು ಅಥವಾ ಪೂರ್ತಿ ಹಣ ಸಿಗಬೇಕಾದರೆ ಸರಿಪಡಿಸಲಾಗದ ತಯಾರಿಕಾ ದೋಷವಿದೆ ಎಂದು ತೋರಿಸಬೇಕಾಗುತ್ತದೆ, ಅದಕ್ಕೆ ತಜ್ಞರ ವರದಿ ಬೇಕು. ಎಲೆ ಕಟ್ಟಿದ ಕೊಳವೆ ಅಂಥ ದೋಷವಲ್ಲ. ತಗಡಿನ ಕೂಡಿಕೆಯ ಸೋರಿಕೆ, ಅದರಿಂದ ಕೆಟ್ಟ ವೈರಿಂಗ್, ಐದು ಸಲ ಸೋತ ರಿಪೇರಿ ಇವು ತೂಗುತ್ತವೆ. ನಮ್ಮನ್ನು ಕೇಳಿದರೆ ಮೊದಲು ಮೂರು ಬೇಡಿಕೆ ಬರಹದಲ್ಲಿ ಇಡಿ: ಕಾರ್ಪೆಟ್ ಮತ್ತು ಫೋಮ್ ಹೊಸದು, ತೊಯ್ದ ವೈರಿಂಗ್ ತುಂಡು ಹೊಸದು, ನೀರಿನಿಂದಾಗುವ ಯಾವುದೇ ಕೆಡುಕಿಗೆ ಎರಡು ವರ್ಷ ಹೆಚ್ಚುವರಿ ವಾರಂಟಿ. ಇದಕ್ಕೆ ಒಪ್ಪುವ ಸಾಧ್ಯತೆ ಹೆಚ್ಚು. ಒಪ್ಪದಿದ್ದರೆ ಆ ನಿರಾಕರಣೆಯೇ ಆಯೋಗದ ಮುಂದೆ ನಿಮ್ಮ ಕೈಯಲ್ಲಿರುವ ಕಾಗದ.

ಹೊಸ ಕಾರಿನ ಹೆಡ್‌ಲೈಟ್ ಒಳಗೆ ಮಂಜು. ದೀಪ ಬದಲಿಸಬೇಕೇ?
– ಓದುಗರು, ಹಾನಗಲ್

ದೀಪ ಹಚ್ಚಿ ಅರ್ಧ ತಾಸು ಓಡಿಸಿ. ತೆಳು ಮಂಜು ಕರಗುತ್ತ ಬಂದರೆ ಗಾಬರಿ ಬೇಡ, ದೀಪಕ್ಕೆ ಉಸಿರಾಡುವ ರಂಧ್ರ ಇರುತ್ತದೆ. ಹನಿ ಸಾಲಾಗಿ ಇಳಿದು ತಳದಲ್ಲಿ ನೀರು ನಿಂತರೆ ವಾರಂಟಿಯಲ್ಲಿ ಬದಲಿಸಲು ಕೇಳಿ. ಕೇಳುವ ಮುಂಚೆ ಬಲ್ಬಿನ ಹಿಂದಿನ ರಬ್ಬರ್ ಮುಚ್ಚಳ ಬಿಗಿಯಾಗಿ ಕೂತಿದೆಯೇ ಒಮ್ಮೆ ಒತ್ತಿ ನೋಡಿ.